ಹಂಡೆಯಣ್ಣ ಪೆಟ್ಟಿಗೆ ನಿಲ್ಲಿಸಿದ ಸಂಜೆ

ಇಬ್ಬರು ಷಡ್ಡಕರ ನಡುವಿನ ಮಾತನ್ನು ಹೊರಗಿನವರು ಎತ್ತಬಾರದು ಎಂದು ತಿಳಿದವರು ಹೇಳುತ್ತಾರೆ. ಅಕ್ಕತಂಗಿಯರನ್ನು ಮದುವೆಯಾದವರು ಅವರು. ಇವತ್ತು ಮುಖ ತಿರುಗಿಸಿಕೊಂಡರೂ ನಾಳೆ ಪಕ್ಕಪಕ್ಕದಲ್ಲೇ ಕೂತು ಉಣ್ಣುತ್ತಾರೆ, ನಡುವೆ ಬಾಯಿ ಹಾಕಿದವರು ಕೆಟ್ಟವರಾಗುತ್ತಾರೆ. ಅದರ ಮೇಲೆ ಇದು ಕಾರ್ಖಾನೆಯ ಒಳಗಿನ ಕಥೆ. ಆಮ್ಲ, ಪಂಪು, ವಾಲ್ವುಗಳ ವಿಷಯವನ್ನು ಸರಿಯಾಗಿ ಓದಿಕೊಂಡವರು ಹೇಳಬೇಕಾದದ್ದು. ಅಂಥವರು ಯಾರೂ ಹೇಳುವ ಹಾಗೆ ಕಾಣದ್ದರಿಂದ ಇಲ್ಲಿ ಹೇಳುವ ಧೈರ್ಯ ಮಾಡಲಾಗಿದೆ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಆ ಕಾರ್ಖಾನೆಯ ಒಂದು ಷೆಡ್ಡಿನಲ್ಲಿ ಎರಡು ಅಂತಸ್ತಿನ ಎತ್ತರಕ್ಕೆ ಒಂದು ರಿಯಾಕ್ಟರ್ ನಿಂತಿತ್ತು. ಕಾಗದದ ಮೇಲೆ ಅದಕ್ಕೊಂದು ನಂಬರಿತ್ತು, ಬಾಯಲ್ಲಿ ಮಾತ್ರ ಎಲ್ಲರಿಗೂ ಅದು ಹಂಡೆ. ಅದನ್ನು ನಡೆಸುವವನು ಹಂಡೆಯಣ್ಣ. ಬಣ್ಣ ತಯಾರಿಸುವವರು ಕೊಳ್ಳುವ ಹಳದಿ ಹರಳು ಅದರಲ್ಲಿ ತಯಾರಾಗುತ್ತಿತ್ತು. ಎಣ್ಣೆಯಂಥ ಒಂದು ದ್ರವವನ್ನು ದ್ರಾವಕದಲ್ಲಿ ಕರಗಿಸಿ ಹಂಡೆಗೆ ತುಂಬಬೇಕು, ಮೇಲಿನಿಂದ ಆಮ್ಲವನ್ನು ಹನಿಹನಿಯಾಗಿ ಬಿಡಬೇಕು. ಆಮ್ಲ ಬಿದ್ದಲ್ಲಿ ಬಿಸಿ ಏಳುತ್ತದೆ. ಹಂಡೆಯ ಹೊರಗೋಡೆಯ ಸುತ್ತ ಹರಿಯುವ ತಣ್ಣೀರು ಆ ಬಿಸಿಯನ್ನು ಹೀರಿಕೊಳ್ಳಬೇಕು. ಆದರೆ ಹಂಡೆಯ ಹೊಟ್ಟೆ ದೊಡ್ಡದು. ನಡುವೆ ಎದ್ದ ಬಿಸಿ ಗೋಡೆ ಮುಟ್ಟುವಷ್ಟರಲ್ಲಿ ತಡವಾಗುತ್ತದೆ. ಆತುರಪಟ್ಟು ಹನಿಯನ್ನು ಧಾರೆ ಮಾಡಿದರೆ ಬಿಸಿ ಕೈಮೀರುತ್ತದೆ, ಆಮೇಲೆ ಷೆಡ್ಡು ಬಿಟ್ಟು ಓಡುವುದೊಂದೇ ದಾರಿ. ಅದಕ್ಕೇ ಒಂದು ಪಾಳಿ ಪೂರ್ತಿ ಹನಿ ಬಿಡುತ್ತಾ ಕೂರುವ ಕೆಲಸ ಅದು. ಹಂಡೆಯಣ್ಣ ಕೂರುತ್ತಿರಲಿಲ್ಲ. ತಣ್ಣೀರು ಹೊರಬರುವ ಕೊಳವೆಯ ಮೇಲೆ ಅಂಗೈ ಇಟ್ಟು, ಒಳಗೆ ಕಲಕುವ ರೆಕ್ಕೆಯ ಸದ್ದಿಗೆ ಕಿವಿ ಕೊಟ್ಟು ನಿಂತಿರುತ್ತಿದ್ದ. ಮಗುವಿನ ಜ್ವರ ನೋಡುವ ತಾಯಿಯ ಹಾಗೆ ಎಂದು ಬಾಯ್ಲರಿನವನು ಹಾಸ್ಯ ಮಾಡುತ್ತಿದ್ದ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಹಂಡೆಯನ್ನು ಯಾವತ್ತೂ ಪೂರ್ತಿ ಬರಿದು ಮಾಡುವ ಹಾಗಿಲ್ಲ. ತಯಾರಾದ ಹಳದಿ ರಸ ಕೆಳಗಿನ ಕೊಳವೆಯಿಂದ ಇಳಿಯುವಾಗ ಅಲ್ಲೊಂದು ಗಾಜಿನ ಕಿಂಡಿಯಲ್ಲಿ ಧಾರೆ ಕಾಣುತ್ತದೆ. ಆ ಧಾರೆ ತೆಳುವಾದ ಕೂಡಲೇ ವಾಲ್ವು ಮುಚ್ಚಬೇಕು. ಹಂಡೆಯ ಅಡಿಯಲ್ಲಿ ಒಂದಿಷ್ಟು ರಸ ಉಳಿಯಬೇಕು. ಅದಿದ್ದರೆ ಮುಂದಿನ ಸಲ ಕಲಕುವ ರೆಕ್ಕೆ ಒಣಗಿ ತಿರುಗುವುದಿಲ್ಲ, ಬಿಸಿ ಅಳೆಯುವ ಕಡ್ಡಿಗೆ ಮುಳುಗಲು ಏನಾದರೂ ಇರುತ್ತದೆ. ಇದಕ್ಕೆ ತಳ ಉಳಿಸುವುದು ಎನ್ನುತ್ತಾರೆ. ಹಂಡೆಯಣ್ಣ ಹೊಸಬರಿಗೆ ಮೊದಲು ಕಲಿಸುತ್ತಿದ್ದುದೇ ಅದು. "ಏನು ಬೇಕಾದ್ರೂ ಮರೀರಿ, ತಳ ಬರಿದು ಮಾಡಬೇಡಿ," ಎನ್ನುತ್ತಿದ್ದ.

ಅವನ ಷಡ್ಡಕನೂ ಹಾಗೆ ಕಲಿತವನೇ. ಮೊದಲು ನೀರಿನ ಪೈಪು ಜೋಡಿಸುವ ಅಂಗಡಿಯೊಂದರಲ್ಲಿದ್ದ ಅವನನ್ನು ಕಾರ್ಖಾನೆಗೆ ಫಿಟ್ಟರ್ ಆಗಿ ಸೇರಿಸಿದವನು ಹಂಡೆಯಣ್ಣ. ನಾದಿನಿಗೆ ಗಂಡು ಹುಡುಕುವಾಗ ಅತ್ತೆಯ ಮುಂದೆ ಹೋಗಿ, "ಹುಡುಗ ಚೊಕ್ಕ, ಕೈ ಚುರುಕು, ನನ್ನ ಕಣ್ಣೆದುರಿಗೇ ಇರ್ತಾನೆ," ಎಂದು ಹೇಳಿದವನೂ ಅವನೇ. ಮದುವೆಯಾಯಿತು. ಫಿಟ್ಟರ್ ಅವನನ್ನು ಬಾಯಿತುಂಬ ಅಣ್ಣಾ ಎಂದ. ಕಣ್ಣೆದುರಿಗೇ ಇದ್ದ. ಆಗೆಲ್ಲಾ ಹಂಡೆಯಣ್ಣನಿಗೆ ಅದು ಸುಖವಾಗಿಯೇ ಇತ್ತು.

ಆಮೇಲೆ ಕಾರ್ಖಾನೆಯವರು ಫಿಟ್ಟರನ್ನು ಎಲ್ಲಿಗೋ ತರಬೇತಿಗೆ ಕಳಿಸಿದರು. ಅವನು ವಾಪಸ್ ಬಂದ ಮೇಲೆ ಒಂದು ದಿನ ಲಾರಿಯ ಮೇಲೆ ಒಂದು ಪೆಟ್ಟಿಗೆ ಬಂತು.

ಪೆಟ್ಟಿಗೆ ಎಂದರೆ ಕಬ್ಬಿಣದ ಒಂದು ಚೌಕಟ್ಟು, ಬಟ್ಟೆಯ ಬೀರುವಿನಷ್ಟು ಎತ್ತರ. ಒಳಗೆ ಪಂಪುಗಳು, ಬೆರಳಿನಷ್ಟು ದಪ್ಪದ ಕೊಳವೆಗಳು, ನಡುವೆ ಸಾಲಾಗಿ ನಿಲ್ಲಿಸಿದ ಲೋಹದ ಪ್ಲೇಟುಗಳು. ಎಲ್ಲವೂ ಮೊದಲೇ ಜೋಡಿಸಿಕೊಂಡೇ ಬಂದಿದ್ದವು. ಲಾರಿಯಿಂದ ಇಳಿಸಿ, ನೀರು, ಕರೆಂಟು, ದ್ರಾವಕದ ಕೊಳವೆ ಸೇರಿಸಿದರೆ ಮುಗಿಯಿತು. ಹಂಡೆಯನ್ನು ತಂದು ನಿಲ್ಲಿಸುವಾಗ ಷೆಡ್ಡಿನ ಮಾಡು ತೆಗೆಯಬೇಕಾಗಿ ಬಂದದ್ದನ್ನು ಹಂಡೆಯಣ್ಣ ನೋಡಿದ್ದವನು. ಇದು ಬಾಗಿಲಿನಿಂದಲೇ ಒಳಗೆ ಬಂತು.

"ಏನು ಹಂಡೆಯಣ್ಣಾ, ಹಂಡೆ ಮರಿ ಹಾಕಿದೆ!" ಎಂದ ಬಾಯ್ಲರಿನವನು.

"ಮರಿ ಅಲ್ಲ ಕಣೋ, ಸವತಿ," ಎಂದ ಹಂಡೆಯಣ್ಣ. ಎಲ್ಲರೂ ನಕ್ಕರು. ಅವನೂ ನಕ್ಕ. ನಗು ಮುಗಿದ ಮೇಲೆ ನಾಲಿಗೆಯ ಮೇಲೆ ಏನೋ ಕಹಿ ಉಳಿಯಿತು.

ಫಿಟ್ಟರ್ ಒಂದು ಬದಲಿ ಪ್ಲೇಟನ್ನು ಎರಡು ಕೈಯಲ್ಲಿ ಹಿಡಿದು ತಂದು ತೋರಿಸಿದ. "ಅಣ್ಣಾ, ನೋಡಿ ಇಲ್ಲಿ. ಇದರೊಳಗೆ ಕಡ್ಡಿ ಹೋಗೋಷ್ಟು ಸಣ್ಣ ದಾರಿ, ಹಾವಿನ ಹಾಗೆ ಸುತ್ತಿದೆ. ಈ ಕಡೆಯಿಂದ ಎಣ್ಣೆ, ಆ ಕಡೆಯಿಂದ ಆಮ್ಲ. ಸೇರಿದ ಜಾಗದಲ್ಲೇ ಗೋಡೆ, ಗೋಡೆ ಆಚೆ ತಣ್ಣೀರು. ಬಿಸಿಗೆ ಏಳೋಕೆ ಪುರಸೊತ್ತೇ ಇಲ್ಲ, ಎದ್ದಿದ್ದನ್ನ ಗೋಡೆ ಕುಡಿದುಬಿಡುತ್ತೆ. ಹನಿ ಬಿಡೋ ತಾಪತ್ರಯ ಇಲ್ಲ. ಹಂಡೇಲಿ ಒಂದು ಪಾಳಿ ಹಿಡಿಯೋದು ಇಲ್ಲಿ ಒಂದು ಲೋಟ ಚಹಾ ಕುಡಿಯೋಷ್ಟರಲ್ಲಿ ಆಗುತ್ತೆ."

"ಬರೋದೂ ಒಂದು ಲೋಟದಷ್ಟೇ ಅನ್ನು."

"ಒಂದೊಂದೇ ಲೋಟ ಆದ್ರೂ ನಿಲ್ಲದೆ ಬರುತ್ತಲ್ಲಾ ಅಣ್ಣಾ. ಜಾಸ್ತಿ ಬೇಕಾದ್ರೆ ಪಕ್ಕದಲ್ಲಿ ಇಂಥದ್ದೇ ಇನ್ನೊಂದು ಇಟ್ಟರಾಯ್ತು. ಇನ್ನೂ ಬೇಕಾ, ಇನ್ನೊಂದು."

"ಕಾರ್ಖಾನೆ ಕಟ್ತಿದ್ದೀಯೋ ಬೀರು ಅಂಗಡಿ ಇಡ್ತಿದ್ದೀಯೋ?"

ಫಿಟ್ಟರ್ ಮನಸಾರೆ ನಕ್ಕ. ಅದೇ ಹಂಡೆಯಣ್ಣನಿಗೆ ತಡೆಯಲಾಗದ್ದು. ಎದುರು ಮಾತಾಡಿದ್ದರೆ, ಎದೆ ಸೆಟೆಸಿ ನಡೆದಿದ್ದರೆ, ಅಹಂಕಾರ ಎಂದು ನಾಲ್ಕು ಜನರ ಮುಂದೆ ಹೇಳಿ ಹಗುರಾಗಬಹುದಿತ್ತು. ಷಡ್ಡಕನಲ್ಲಿ ತಪ್ಪು ಹುಡುಕಿ ಹುಡುಕಿ ಅವನಿಗೆ ಸಿಕ್ಕಿದ್ದು ಒಂದೇ: ಪಾಳಿ ಮುಗಿದಾಗ ಅವನ ಬೆರಳುಗಳು ಚೊಕ್ಕಟವಾಗಿರುತ್ತಿದ್ದವು. ಹಂಡೆಯಿಂದ ಮಾದರಿ ತೆಗೆದು ತೆಗೆದು ಹಂಡೆಯಣ್ಣನ ಬೆರಳ ತುದಿಗಳು ಎಷ್ಟು ಉಜ್ಜಿದರೂ ಹೋಗದ ಹಳದಿಯಾಗಿದ್ದವು. ಪೆಟ್ಟಿಗೆ ಒಂದು ಹನಿಯನ್ನೂ ಹೊರಗೆ ಚೆಲ್ಲುತ್ತಿರಲಿಲ್ಲ. ಇದನ್ನು ತಪ್ಪೆಂದು ಯಾರ ಮುಂದೆ ಹೇಳುವುದು?

ರಜೆಯ ದಿನ ಇಬ್ಬರು ಅಳಿಯಂದಿರೂ ಹೆಂಡಂದಿರ ಜೊತೆ ಅತ್ತೆಯ ಮನೆಯಲ್ಲಿ ಊಟ ಮಾಡುತ್ತಿದ್ದರು. ಅತ್ತೆಯ ಮನೆಯ ನಡುಕೋಣೆಯಲ್ಲಿ ಫ್ಯಾನಿನ ನೇರ ಕೆಳಗೆ ಒಂದು ಕುರ್ಚಿ. ಅದು ಹಿರಿಯ ಅಳಿಯನದು ಎಂದು ಯಾರೂ ಹೇಳಿರಲಿಲ್ಲ, ಆದರೆ ಅವನು ಬಂದಾಗ ಅದು ಖಾಲಿಯಿರುತ್ತಿತ್ತು. ಪೆಟ್ಟಿಗೆ ಬಂದ ಮೇಲಿನ ಒಂದು ರಜೆಯ ದಿನ ಅವನು ಹೋದಾಗ ಫಿಟ್ಟರ್ ಅದರಲ್ಲಿ ಕೂತಿದ್ದ, ಅತ್ತೆ ಎದುರಿಗೆ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕಥೆ ಕೇಳುವವರ ಹಾಗೆ ಕೂತಿದ್ದಳು. ಫಿಟ್ಟರ್ ತಟ್ಟನೆ ಎದ್ದು, "ಅಣ್ಣಾ, ಬನ್ನಿ ಇಲ್ಲಿ," ಎಂದ. ಹಂಡೆಯಣ್ಣ, "ಕೂತ್ಕೋ ಕೂತ್ಕೋ, ನನಗೆ ಸೆಕೆ ಆಗಲ್ಲ," ಎಂದು ಕಿಟಕಿಯ ಹತ್ತಿರದ ಸ್ಟೂಲಿನ ಮೇಲೆ ಕೂತು ಊಟದ ಹೊತ್ತಿನವರೆಗೂ ಬೆವರಿದ.

ಬಡಿಸುವಾಗ ಅತ್ತೆ ಸುಮ್ಮನಿರಲಿಲ್ಲ. "ಅಲ್ಲಾ, ಹಿರೀ ಅಳಿಯಂದ್ರೇ, ನಿಮ್ಮ ಅಷ್ಟು ದೊಡ್ಡ ಹಂಡೆ ಮಾಡೋ ಕೆಲಸಾನ ಇವರ ಅಂಗೈಯಗಲದ್ದು ಮಾಡುತ್ತಂತೆ, ಹೌದೇ?"

"ಅಂಗೈಯಗಲ ಅಲ್ಲ ಅತ್ತೆ, ಬೀರುವಿನಷ್ಟಿದೆ."

"ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು, ಬಿಡಿ."

"ಅಯ್ಯೋ ಅತ್ತೆ," ಎಂದ ಫಿಟ್ಟರ್, "ಅಣ್ಣ ಇಲ್ದಿದ್ರೆ ಅದು ಎಲ್ಲಿರ್ತಿತ್ತು? ಎಷ್ಟು ಬಿಸಿಗೆ ಏನಾಗುತ್ತೆ, ಬಣ್ಣ ಯಾವಾಗ ತಿರುಗುತ್ತೆ, ಎಲ್ಲಾ ಅಣ್ಣನ್ನೇ ಕೇಳ್ಕೊಂಡು ಹೋಗಿದ್ದು ನಾನು. ತರಬೇತಿಯಲ್ಲಿ ಅದನ್ನೇ ಹೇಳ್ದೆ, ಅದರ ಪ್ರಕಾರವೇ ಪೆಟ್ಟಿಗೆ ಹೊಂದಿಸಿದ್ರು."

ಅದು ನಿಜ. ತರಬೇತಿಗೆ ಹೋಗುವ ಮುಂಚೆ ಅವನು ಹಂಡೆಯ ಪಕ್ಕ ನಿಂತು ಒಂದೊಂದೇ ಕೇಳಿದ್ದ. ಹಂಡೆಯಣ್ಣ ಶಿಷ್ಯ ಸಿಕ್ಕ ಖುಷಿಯಲ್ಲಿ ಕೇಳದ್ದನ್ನೂ ಹೇಳಿದ್ದ. ಈಗ ಆ ಮಾತು ಬಾಯಲ್ಲಿಟ್ಟ ಬಿಸಿತುಪ್ಪವಾಯಿತು, ನುಂಗಲೂ ಆಗದು ಉಗುಳಲೂ ಆಗದು. ನಾದಿನಿ ತನ್ನ ಗಂಡನ ಕಡೆ ನೋಡಿದ ರೀತಿಯನ್ನು ಅವನು ನೋಡಿದ. ತನ್ನ ಹೆಂಡತಿ ತನ್ನ ಕಡೆ ನೋಡದೆ ಇದ್ದದ್ದನ್ನೂ ನೋಡಿದ.

ದಾರಿಯಲ್ಲಿ ಹೆಂಡತಿ ಕೇಳಿದಳು. "ಮುಖ ಯಾಕೆ ಹಂಗಿದೆ?"

"ಹೇಗಿದೆ?"

"ಆಮ್ಲ ಕುಡಿದವರ ಹಾಗೆ."

"ನಿಮ್ಮಮ್ಮನಿಗೆ ಒಬ್ಬನೇ ಅಳಿಯ ಇದ್ದಿದ್ರೆ ಚೆನ್ನಾಗಿರ್ತಿತ್ತು."

"ಇನ್ನೊಬ್ಬನ್ನ ಹುಡುಕಿ ತಂದವರು ಯಾರು?" ಎಂದಳು ಅವಳು.

ಕೆಲವು ದಿನ ಹಂಡೆ ಮತ್ತು ಪೆಟ್ಟಿಗೆ ಎರಡೂ ನಡೆದವು. ಪ್ರಯೋಗಾಲಯದವರು ಎರಡರ ಹರಳನ್ನೂ ನೋಡಿದರು. ಪೆಟ್ಟಿಗೆಯದು ಹೆಚ್ಚು ಶುದ್ಧವಾಗಿತ್ತು. ಇದನ್ನು ಸುತ್ತುಬಳಸಿ ಹೇಳುವುದು ಸರಿಯಲ್ಲ. ಹಂಡೆಯಣ್ಣನೂ ಎರಡು ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿ ತನಗೆ ತಾನೇ ಒಪ್ಪಿಕೊಂಡಿದ್ದ. ಒಪ್ಪಿಕೊಂಡದ್ದರಿಂದ ಹೊಟ್ಟೆಯ ಉರಿ ಕಡಿಮೆಯಾಗಲಿಲ್ಲ.

ಆಗ ಕಾರ್ಖಾನೆಯ ಮ್ಯಾನೇಜರ್ ಇಬ್ಬರನ್ನೂ ತನ್ನ ಕೋಣೆಗೆ ಕರೆಸಿದಳು. ನೇರ ಮಾತಿನ ಹೆಂಗಸು. "ಮುಂದಿನ ವಾರ ಕೊಳ್ಳುವವರು ನೋಡೋಕೆ ಬರ್ತಾರೆ. ಅವರು ಪೆಟ್ಟಿಗೆಯನ್ನ ಒಪ್ಪಿದ್ರೆ ಹಳದಿ ಪೂರ್ತಿ ಪೆಟ್ಟಿಗೆಗೆ, ಹಂಡೆ ನಿಲ್ಲುತ್ತೆ. ಒಪ್ಪದಿದ್ರೆ ಪೆಟ್ಟಿಗೆ ವಾಪಸ್. ಹಳದಿ ಯಾವ ಕಡೆ ಹೋಗುತ್ತೋ ಅದರ ಇನ್‌ಚಾರ್ಜ್ ಆ ಕಡೆಯವರು."

"ಹಂಡೆ ನಿಂತ್ರೆ ನಾನು, ಮೇಡಂ?"

"ನಿಮ್ಮ ಕೆಲಸಕ್ಕೆ ಏನೂ ಆಗಲ್ಲ. ಪೆಟ್ಟಿಗೆ ಕಲೀರಿ. ಹೇಳಿಕೊಡೋಕೆ ಮನೆಯವರೇ ಇದ್ದಾರಲ್ಲ."

ಕೆಲಸ ಹೋಗುವುದಿಲ್ಲ ಎಂದು ಕೇಳಿದರೆ ಮನುಷ್ಯನಿಗೆ ಸಮಾಧಾನವಾಗಬೇಕು. ಹಂಡೆಯಣ್ಣನಿಗೆ ಆಗಲಿಲ್ಲ. ಇಷ್ಟು ಕಾಲ ಹಳದಿ ಎಂದರೆ ಅವನು. ರಸ ಮಸುಕಾದರೆ, ಹರಳು ಕಟ್ಟದಿದ್ದರೆ, ಯಾರ ಪಾಳಿಯಾದರೂ ಸರಿ, "ಹಂಡೆಯಣ್ಣನ್ನ ಕರೀರಿ" ಎನ್ನುತ್ತಿದ್ದರು. ಇನ್ನು ಮುಂದೆ ಕರೆಯುವುದು ಬೇರೆಯವರನ್ನು. ಅವನೇ ಆ ಬೇರೆಯವರನ್ನು ಕರೆಯಬೇಕು, ಅದೂ ಯಾರನ್ನು?

ಆದರೂ ಕಲಿತ. ಕಲಿಯುವುದಿಲ್ಲ ಎಂದರೆ ಜನ ಏನಂದಾರು ಎನ್ನುವ ಅಂಜಿಕೆಯಿಂದಲೇ ಕಲಿತ. ಪೆಟ್ಟಿಗೆಗೆ ಕಿವಿಯಿಟ್ಟು ನೋಡಿದ. ಪಂಪಿನ ಟಿಕ್ ಟಿಕ್ ಬಿಟ್ಟರೆ ಏನೂ ಇಲ್ಲ. ಪ್ಲೇಟಿನ ಮೇಲೆ ಅಂಗೈ ಇಟ್ಟ; ಉಗುರುಬೆಚ್ಚಗೆ, ಮೊದಲಿಂದ ಕೊನೆಯವರೆಗೆ ಒಂದೇ ಸಮ. ಅದಕ್ಕೆ ಅವನ ಕೈ ಬೇಕಾಗಿರಲಿಲ್ಲ.

"ಅಣ್ಣಾ, ನಿಲ್ಲಿಸುವಾಗ ಮಾತ್ರ ಹುಷಾರು," ಎಂದ ಫಿಟ್ಟರ್. "ಮೊದಲು ಎಣ್ಣೆ ಪಂಪು, ಆಮ್ಲದ ಪಂಪು ಎರಡೂ ನಿಲ್ಲಿಸಿ. ಬರೀ ದ್ರಾವಕ ಬಿಡಿ. ಈ ಗಾಜಿನ ಕಿಂಡೀಲಿ ಹಳದಿ ಹೋಗಿ ನೀರಿನ ಹಾಗೆ ತಿಳಿಯಾಗ್ಬೇಕು. ಆಮೇಲೆ ದ್ರಾವಕ ನಿಲ್ಲಿಸಿ ವಾಲ್ವು ಮುಚ್ಚಿ. ಒಳಗೆ ಹಳದಿ ಉಳಿದ್ರೆ ತಣ್ಣಗಾಗಿ ಹರಳು ಕಟ್ಟುತ್ತೆ, ದಾರಿ ಮುಚ್ಚಿಹೋಗುತ್ತೆ."

"ತಳ ಉಳಿಸಬಾರದು ಅನ್ನು."

"ಇದಕ್ಕೆ ತಳ ಅನ್ನೋದೇ ಇಲ್ಲ ಅಣ್ಣಾ."

"ತಿಳಿಯಾಗೋವರೆಗೆ," ಎಂದು ಹಂಡೆಯಣ್ಣ ಬಾಯಿಬಿಟ್ಟು ಹೇಳಿ ಮನನ ಮಾಡಿಕೊಂಡ. ಫಿಟ್ಟರ್ ಕೇಳಿಸಿಕೊಂಡ. ಬಾಯ್ಲರಿನವನೂ ಅಲ್ಲೇ ಇದ್ದ.

ಕೊಳ್ಳುವವರು ಬರುವ ಹಿಂದಿನ ದಿನ ಪೆಟ್ಟಿಗೆ ಇಡೀ ದಿನ ತಕರಾರಿಲ್ಲದೆ ನಡೆಯಿತು. ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಮ್ಯಾನೇಜರ್ ಕೋಣೆಯಿಂದ ಕರೆ ಬಂತು, ನಾಳೆ ಏನು ಹೇಳಬೇಕು, ಏನು ತೋರಿಸಬೇಕು ಎಂದು ಫಿಟ್ಟರ್ ಜೊತೆ ಮಾತಾಡಬೇಕಂತೆ.

"ಅಣ್ಣಾ, ಇದನ್ನ ಸ್ವಲ್ಪ ನಿಲ್ಲಿಸಿಬಿಡ್ತೀರಾ?"

"ಹೋಗು ಹೋಗು, ನಾನು ನೋಡ್ಕೋತೀನಿ."

ಮ್ಯಾನೇಜರ್ ಕೋಣೆಗೆ ಷೆಡ್ಡಿನ ಕಡೆ ಒಂದು ದೊಡ್ಡ ಗಾಜಿನ ಕಿಟಕಿ. ಪೆಟ್ಟಿಗೆಯ ಮುಂದೆ ನಿಂತರೆ ಒಳಗಿನದು ಕಾಣುತ್ತದೆ. ಹಂಡೆಯಣ್ಣ ಎಣ್ಣೆಯ ಪಂಪು ನಿಲ್ಲಿಸಿದ, ಆಮ್ಲದ ಪಂಪು ನಿಲ್ಲಿಸಿದ, ದ್ರಾವಕ ಬಿಟ್ಟ. ತಲೆಯೆತ್ತಿದಾಗ ಕಿಟಕಿಯಲ್ಲಿ ಮ್ಯಾನೇಜರ್ ಫಿಟ್ಟರಿಗೆ ಕುರ್ಚಿ ತೋರಿಸುತ್ತಿದ್ದಳು. ಫಿಟ್ಟರ್ ಕೂತ. ಇಷ್ಟು ವರ್ಷದಲ್ಲಿ ಹಂಡೆಯಣ್ಣ ಆ ಮೇಜಿನ ಮುಂದೆ ಎಷ್ಟು ಸಲ ನಿಂತಿದ್ದನೋ, ಎಲ್ಲಾ ಸಲವೂ ನಿಂತೇ ಇದ್ದ. ಅವಳು ಏನೋ ಹೇಳಿದಳು, ಇಬ್ಬರೂ ನಕ್ಕರು. ಅವನು ಕಣ್ಣು ಇಳಿಸಿ ಪೆಟ್ಟಿಗೆಯ ಕಿಂಡಿ ನೋಡಿದ. ಎರಡು ಪಂಪು ನಿಂತಿದ್ದರಿಂದ ಧಾರೆ ತೆಳುವಾಗಿತ್ತು. ಹಳದಿ ಇನ್ನೂ ಇತ್ತು. ದ್ರಾವಕದ ಪಂಪು ನಿಂತಿತು, ಅವನ ಕೈ ವಾಲ್ವು ಮುಚ್ಚಿತು. ಕೈ ಒರೆಸಿಕೊಂಡು, ಚೀಲ ಎತ್ತಿಕೊಂಡು ಮನೆಗೆ ನಡೆದ.

ಮನೆಯಲ್ಲಿ ಬಚ್ಚಲ ಕಲ್ಲಿನ ಮೇಲೆ ನಿಂತು ಮುಖಕ್ಕೆ ನೀರು ಹಾಕಿಕೊಳ್ಳುವಾಗ ಕಿಂಡಿ ಕಣ್ಣ ಮುಂದೆ ಬಂತು. ತಿಳಿ ನೀರು ಅವನಿಗೆ ಎಷ್ಟು ನೆನೆಸಿಕೊಂಡರೂ ನೆನಪಿಗೆ ಬರಲಿಲ್ಲ. ಒದ್ದೆ ಕೈಯಲ್ಲೇ ಫೋನ್ ತೆಗೆದು ಷಡ್ಡಕನಿಗೆ ಮಾಡಿದ. ಬೇರೆಯವರ ಜೊತೆ ಮಾತಾಡುತ್ತಿದ್ದಾರೆ ಎಂದು ಹೇಳಿತು.

"ಯಾರಿಗೆ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು.

"ನಿನ್ನ ತಂಗಿ ಗಂಡನಿಗೆ. ಬಿಜಿ ಇದೆ."

"ಅಮ್ಮನ ಜೊತೆ ಮಾತಾಡ್ತಿರ್ಬೇಕು. ದಿನಾ ಈ ಹೊತ್ತಿಗೆ ಅವರೇ ಫೋನ್ ಮಾಡಿ ವಿಚಾರಿಸ್ಕೋತಾರಂತೆ. ಊಟ ಆಯ್ತಾ, ಮಂಡಿ ನೋವು ಹೇಗಿದೆ ಅಂತ. ಅಮ್ಮ ಹೇಳ್ತಿದ್ಲು."

ಹಂಡೆಯಣ್ಣ ಫೋನನ್ನು ಕಪಾಟಿನ ಮೇಲೆ ಕವುಚಿಟ್ಟ.

"ಇನ್ನೊಂದು ಸಲ ಮಾಡಿ ನೋಡಿ."

"ಅಂಥದ್ದೇನಿಲ್ಲ. ಬೆಳಿಗ್ಗೆ ಹೇಳಿದ್ರಾಯ್ತು."

ಬೆಳಿಗ್ಗೆ ಹೋದಾಗ ಫಿಟ್ಟರ್ ಸುತ್ತ ಜನ. ಹೊಸ ಅಂಗಿ ಹಾಕಿದ್ದಾನೆಂದು ಬಾಯ್ಲರಿನವನು ಮದುಮಗ, ಮದುಮಗ ಎಂದು ರೇಗಿಸುತ್ತಿದ್ದ. ಹಂಡೆಯಣ್ಣ ದೂರದಲ್ಲಿ ನಿಂತು ಒಂದು ಸಲ ಗಂಟಲು ಸರಿಮಾಡಿಕೊಂಡ. ಫಿಟ್ಟರ್ ತಿರುಗಿ, "ಏನಣ್ಣಾ?" ಎಂದ. "ಏನಿಲ್ಲ, ಚೆನ್ನಾಗಿ ಮಾತಾಡು," ಎಂದ ಹಂಡೆಯಣ್ಣ.

ಕೊಳ್ಳುವವರ ಕಡೆಯಿಂದ ಒಬ್ಬ ಹೆಂಗಸು, ಇಬ್ಬರು ಗಂಡಸರು ಬಂದರು. ಅವರಿಗೆ ಹೆಲ್ಮೆಟ್ಟು ಕೊಟ್ಟು, ಚಹಾ ಕೊಟ್ಟು ಷೆಡ್ಡಿಗೆ ಕರೆತಂದರು. ಫಿಟ್ಟರ್ ಪೆಟ್ಟಿಗೆ ಶುರು ಮಾಡಿದ. ಒತ್ತಡ ತೋರಿಸುವ ಅಂಕಿ ಏರಿತು, ಇನ್ನಷ್ಟು ಏರಿತು, ಗಂಟೆ ಬಡಿದುಕೊಂಡಿತು, ಪಂಪು ತಾನಾಗಿ ನಿಂತಿತು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಂಡೆಯ ಮೆಟ್ಟಿಲ ಮೇಲೆ ನಿಂತಿದ್ದ ಹಂಡೆಯಣ್ಣನಿಗೆ ಆಗ ಮೊದಲು ಆದದ್ದು ಖುಷಿ. ಇದನ್ನು ಮುಚ್ಚಿಡುವುದು ತಪ್ಪಾಗುತ್ತದೆ. ಎದೆಯಿಂದ ಗಂಟಲವರೆಗೆ ಸರ್ರನೆ ಏರಿದ ಖುಷಿ. ಅದು ಗಂಟಲಲ್ಲಿರುವಾಗಲೇ ಭಯವೂ ಬಂತು. ಎರಡೂ ಒಂದರ ಮೇಲೊಂದು ಬಂದು ಅವನು ಮೆಟ್ಟಿಲ ಕಂಬಿ ಹಿಡಿದುಕೊಂಡ.

ಫಿಟ್ಟರ್ ಗಾಬರಿಯಾಗಲಿಲ್ಲ. ದ್ರಾವಕವನ್ನು ಮೆಲ್ಲನೆ ತಳ್ಳಿ ನೋಡಿದ. ನಡುನಡುವಿನ ಕೊಳವೆಯ ತಿರುಪುಗಳನ್ನು ಒಂದೊಂದಾಗಿ ಸಡಿಲಿಸುತ್ತಾ ಎಲ್ಲಿಯವರೆಗೆ ದ್ರಾವಕ ಬರುತ್ತದೆ, ಎಲ್ಲಿಂದ ಬರುವುದಿಲ್ಲ ಎಂದು ನೋಡಿಕೊಂಡ. "ಕೊನೇ ಎರಡು ಪ್ಲೇಟು ಕಟ್ಟಿವೆ, ನಿನ್ನೆ ನಿಲ್ಲಿಸಿದಾಗ ಹಳದಿ ಉಳಿದಿರ್ಬೇಕು," ಎಂದ. ಸ್ಪ್ಯಾನರ್ ತೆಗೆದ. ಆ ಎರಡನ್ನು ಕಳಚಿ ಪಕ್ಕಕ್ಕಿಟ್ಟ, ಬದಲಿ ಪ್ಲೇಟುಗಳನ್ನು ಕೂರಿಸಿದ, ತಿರುಪು ಬಿಗಿಮಾಡಿದ, ಮತ್ತೆ ಶುರು ಮಾಡಿದ. ಅಂಕಿ ಏರಿ ಸಮನಾಯಿತು. ಕಿಂಡಿಯಲ್ಲಿ ಹಳದಿ ಬಂತು. ಬಂದವರ ಕೈಯಲ್ಲಿದ್ದ ಚಹಾ ಆರಿತ್ತೋ ಇಲ್ಲವೋ.

"ಇಷ್ಟೇನಾ?" ಎಂದಳು ಕೊಳ್ಳುವವರ ಕಡೆಯ ಹೆಂಗಸು. "ದೊಡ್ಡ ರಿಯಾಕ್ಟರಲ್ಲಿ ಹೀಗೆ ಕಟ್ಟಿಕೊಂಡ್ರೆ ಏನ್ಮಾಡ್ತೀರಿ?"

ಮ್ಯಾನೇಜರ್ ಮೆಟ್ಟಿಲ ಕಡೆ ತಿರುಗಿದಳು. "ಅದನ್ನ ಅವರೇ ಹೇಳ್ತಾರೆ. ಹೇಳಿ."

ಎಲ್ಲರ ಮುಖ ಅವನ ಕಡೆ. ಸುಳ್ಳು ಹೇಳಬಹುದಿತ್ತು; ಹಂಡೆಯ ವಿಷಯದಲ್ಲಿ ಅವನ ನಾಲಿಗೆಗೆ ಸುಳ್ಳು ಬರುತ್ತಿರಲಿಲ್ಲ. "ಒಂದು ಸಲ ಕಟ್ಟಿತ್ತು," ಎಂದ. "ರಾತ್ರಿ ತಳ ಆರದ ಹಾಗೆ ಗೋಡೆ ಸುತ್ತ ಬಿಡೋ ಬಿಸಿನೀರು ಕೈಕೊಟ್ಟು ಇಡೀ ತಳ ಕಲ್ಲಾಯ್ತು. ಹಂಡೆ ನಿಲ್ಲಿಸಿ, ಒಳಗಿನ ಗಾಳಿ ಶುದ್ಧ ಮಾಡಿ, ಮುಖಕ್ಕೆ ಮಾಸ್ಕ್ ಹಾಕ್ಕೊಂಡು ಒಬ್ಬೊಬ್ಬರೇ ಇಳಿದು ಕೆತ್ತಿದ್ವಿ. ನಾನೂ ಇಳಿದಿದ್ದೆ. ವಾರಗಟ್ಟಲೆ ಆಯ್ತು. ಆ ಸಲ ಯಾರಿಗೂ ಮಾಲು ಕೊಡೋಕಾಗ್ಲಿಲ್ಲ."

ಆ ಹೆಂಗಸು ತಲೆಯಾಡಿಸಿದಳು. "ನನಗೆ ನೋಡಬೇಕಾಗಿದ್ದು ಇದೇ. ಚೆನ್ನಾಗಿ ನಡೆಯೋದನ್ನ ಎಲ್ಲರೂ ತೋರಿಸ್ತಾರೆ. ಕೆಟ್ಟಾಗ ಏನಾಗುತ್ತೆ ಅಂತ ಇವತ್ತು ನೋಡ್ದೆ." ಆಮೇಲೆ ಕೇಳಿದಳು, "ನಿನ್ನೆ ನಿಲ್ಲಿಸಿದ್ದು ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಂಡೆಯಣ್ಣನ ಬಾಯಿ ತೆರೆಯಿತು. ಅಷ್ಟರಲ್ಲಿ ಫಿಟ್ಟರ್ ನಕ್ಕ. "ನಮ್ಮಣ್ಣ, ಮೇಡಂ. ಹಂಡೇಲಿ ಪಳಗಿದ ಕೈ ಅಲ್ವಾ, ತಳ ಉಳಿಸಿದೆ." ಬಾಯ್ಲರಿನವನು ಗೊಳ್ಳೆಂದ. ಮ್ಯಾನೇಜರ್ ಕೂಡ ನಕ್ಕಳು. ಯಾರ ನಗುವಿನಲ್ಲೂ ಮುಳ್ಳಿರಲಿಲ್ಲ. ಪುಟ್ಟ ಮಗು ಚಪ್ಪಲಿಯನ್ನು ಅದಲುಬದಲು ಹಾಕಿಕೊಂಡು ಬಂದರೆ ನಗುತ್ತಾರಲ್ಲ, ಹಾಗೆ. "ತಿಳಿಯಾಗೋವರೆಗೆ ವಾಲ್ವು ಮುಚ್ಚೋಕೇ ಆಗದ ಹಾಗೆ ಒಂದು ಬೀಗ ಮಾಡೋಕಾಗುತ್ತಾ?" ಎಂದು ಮ್ಯಾನೇಜರೇ ಕೇಳಿದಳು. "ಆಗುತ್ತೆ ಮೇಡಂ, ಇವತ್ತೇ ಮಾಡ್ತೀನಿ," ಎಂದ ಫಿಟ್ಟರ್.

ಹಳದಿ ಪೆಟ್ಟಿಗೆಗೆ ಹೋಯಿತು. ಅದೇ ಮಧ್ಯಾಹ್ನ ಮ್ಯಾನೇಜರ್ ಎಲ್ಲರೆದುರಿಗೆ ಹೇಳಿದಳು: ಇನ್‌ಚಾರ್ಜ್ ಫಿಟ್ಟರ್, ಹಂಡೆಯಣ್ಣ ಅವನ ಜೊತೆ. ಹಂಡೆಯಣ್ಣ, "ಒಳ್ಳೇದು," ಎಂದು ಷಡ್ಡಕನ ಕೈ ಕುಲುಕಿದ. ಪೆಟ್ಟಿಗೆಯನ್ನು ಕೆಡಿಸಿ ಪೆಟ್ಟಿಗೆಯನ್ನೇ ಗೆಲ್ಲಿಸಿದ್ದೆ, ಸಾಲದ್ದಕ್ಕೆ ಸಾಕ್ಷಿಯನ್ನೂ ಹೇಳಿದ್ದೆ ಎಂಬುದು ಅವನಿಗೆ ಕೈ ಕುಲುಕುವಾಗ ಪೂರ್ತಿ ಅರ್ಥವಾಯಿತು.

ಪಾಳಿ ಬಿಡುವ ಮುಂಚೆ ಅವನು ಷೆಡ್ಡಿನ ಹಿಂಬದಿಗೆ ಹೋದ. ಫಿಟ್ಟರ್ ಅಲ್ಲಿ ಕಟ್ಟಿದ ಎರಡು ಪ್ಲೇಟುಗಳಿಗೆ ಬೆಚ್ಚನೆಯ ದ್ರಾವಕ ಹಾಯಿಸುತ್ತಿದ್ದ. ಹರಳು ಕರಗಿ ಹಳದಿ ನೀರಾಗಿ ಡಬ್ಬಿಗೆ ಬೀಳುತ್ತಿತ್ತು. ಸುತ್ತ ಬೇರೆ ಯಾರೂ ಇರಲಿಲ್ಲ.

"ನೀನು ಹೇಳಿಕೊಟ್ಟಿದ್ದು ನನಗೆ ನೆನಪಿತ್ತು," ಎಂದ ಹಂಡೆಯಣ್ಣ.

"ಯಾವುದು?"

"ತಿಳಿಯಾಗೋವರೆಗೆ ಅಂತ. ಕಿಂಡೀಲಿ ಹಳದಿ ಇತ್ತು. ನೋಡ್ದೆ. ನೋಡಿದ ಮೇಲೂ ಮುಚ್ದೆ."

"ಕೈ ಅಭ್ಯಾಸ ಅಣ್ಣಾ, ಬಿಡಿ."

"ಅಭ್ಯಾಸ ಅಲ್ಲ ಅನ್ಸುತ್ತೆ."

ಫಿಟ್ಟರ್ ದ್ರಾವಕ ನಿಲ್ಲಿಸಿದ. ಮೊದಲ ಸಲ ಅವನ ಮುಖದಲ್ಲಿ ನಗುವಿರಲಿಲ್ಲ. "ಅನ್ಸುತ್ತೆ ಅಂದ್ರೆ ಏನಣ್ಣಾ? ಹೌದೋ ಅಲ್ವೋ?"

ಹಂಡೆಯಣ್ಣ ಉತ್ತರ ಹುಡುಕಿದ. ಕಿಟಕಿಯಲ್ಲಿ ಕುರ್ಚಿ ಕಂಡದ್ದು ನಿಜ. ಹೊಟ್ಟೆ ಉರಿದದ್ದು ನಿಜ. ಧಾರೆ ತೆಳುವಾದ ಕೂಡಲೇ ಸಾವಿರಾರು ಸಲ ಅದೇ ಕೈ ಹಾಗೇ ಮುಚ್ಚಿದ್ದೂ ನಿಜ. "ನನಗೇ ತಿಳೀತಿಲ್ಲ," ಎಂದ. "ಆಮೇಲೆ ನಿನಗೆ ಫೋನ್ ಮಾಡ್ದೆ. ಬಿಜಿ ಇತ್ತು."

"ಒಂದೇ ಸಲ ಮಾಡಿದ್ರಿ."

"ನೋಡ್ದೆಯಾ?"

"ನೋಡ್ದೆ."

"ಮತ್ತೆ ವಾಪಸ್ ಯಾಕೆ ಮಾಡ್ಲಿಲ್ಲ?"

ಫಿಟ್ಟರ್ ಪ್ಲೇಟನ್ನು ಬೆಳಕಿಗೆ ಎತ್ತಿ, ಒಂದು ಕಣ್ಣು ಮುಚ್ಚಿ ಅದರ ತೂತಿನೊಳಗೆ ನೋಡಿದ. ಬಹಳ ಹೊತ್ತು ನೋಡಿದ. "ಮನೆಗೆ ಹೊರಡೋಣ ಅಣ್ಣಾ, ಹೊತ್ತಾಯ್ತು," ಎಂದ.

ಇಬ್ಬರೂ ಒಟ್ಟಿಗೇ ನಡೆದು ಹೋದರು. ದಾರಿಯಲ್ಲಿ ಅತ್ತೆಯ ಮಂಡಿ ನೋವಿನ ವಿಷಯ ಮಾತಾಡಿದರು. ಈಗಲೂ ಇಬ್ಬರೂ ಅದೇ ಷೆಡ್ಡಿನಲ್ಲಿದ್ದಾರೆ, ಪೆಟ್ಟಿಗೆಗಳು ಹೆಚ್ಚಾಗಿವೆ.

ಆ ಸಂಜೆ ಹಂಡೆಯಣ್ಣನ ಕೈ ವಾಲ್ವು ಮುಚ್ಚಿದ್ದು ಅಭ್ಯಾಸದಿಂದಲೋ ಹೊಟ್ಟೆಕಿಚ್ಚಿನಿಂದಲೋ ಗೊತ್ತಿಲ್ಲ. ಯಾವತ್ತೂ ಮನೆಯಿಂದ ಫೋನ್ ಮಾಡದ ಅಣ್ಣನ ಕರೆ ನೋಡಿಯೂ ಫಿಟ್ಟರ್ ತಿರುಗಿ ಮಾಡದೆ ಉಳಿದದ್ದು ಯಾಕೆ ಎನ್ನುವುದೂ ಗೊತ್ತಿಲ್ಲ. ಹಂಡೆಯಣ್ಣ ಮತ್ತೆ ಕೇಳಲಿಲ್ಲ, ಬೇರೆ ಯಾರಿಗೂ ಕೇಳುವ ಹಕ್ಕಿಲ್ಲ.